ಪುಸ್ತಕ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ ಮಗು

ತಿಪಟೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಪಕ್ಕದ ಗೋಡೆಯೇ ಅಂಗನವಾಡಿ. 2020ರಲ್ಲಿ ‘ಓದುವ ಬೆಳಕು’ ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾದ ಮೇಲೆ ಶಾಲೆ ಮಕ್ಕಳು ಬರತೊಡಗಿದರು. ಅವರ ಸೊಂಟದ ಮೇಲೆ ತಮ್ಮ ತಂಗಿಯರು ಬಂದರು, ಆ ಪುಟಾಣಿಗಳನ್ನು ಕರೆದುಕೊಂಡು ಹೋಗಲು ತಾಯಂದಿರು ಬಂದರು. ತಾಯಂದಿರು ಬಂದಾಗ ಕೇಳುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ: “ಮಿಸ್, ನಮ್ಮ ಪಾಪು ಊಟಾನೇ ಮಾಡಲ್ಲ. ಊಟದ ಕತೆ ಇರೋ ಚಿತ್ರದ ಪುಸ್ತಕ ಇದ್ರೆ ಕೊಡಿ.”

ಮೊದಮೊದಲು ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ಮೂರು ವರ್ಷದ ಒಂದು ಹೆಣ್ಣುಮಗುವಿಗೆ ತರಕಾರಿಗಳೆಲ್ಲ ಮಾತಾಡುವ ಒಂದು ಪುಸ್ತಕ ಕೊಟ್ಟು, “ತುತ್ತು ಕೊಡುವಾಗ ಒಂದೊಂದೇ ಪುಟ ತೋರಿಸಿ” ಅಂದೆ. ಸೊಪ್ಪು ತಿಂದರೆ ಶಕ್ತಿ, ಕ್ಯಾರೆಟ್ ತಿಂದರೆ ಕಣ್ಣು ಅಂತ ಪ್ರತಿ ಪುಟದಲ್ಲೂ ಬುದ್ಧಿಮಾತು ಇದ್ದ ಪುಸ್ತಕ ಅದು. ಎಂಟು ದಿನಕ್ಕೆ ವಾಪಸ್ ಬಂತು. ರಟ್ಟಿನ ಮೇಲೆ ಸಾರಿನ ಕಲೆ, ಎರಡು ಪುಟಗಳ ನಡುವೆ ಒಣಗಿದ ಅನ್ನದ ಅಗುಳು. ತಾಯಿ ಬೇಜಾರಿನಿಂದ ಹೇಳಿದರು, “ಈಗ ಪುಸ್ತಕ ಕಂಡ್ರೂ ಬಾಯಿ ಮುಚ್ಕೊತಾಳೆ ಕಣಕ್ಕ.” ಅವಳ ಎದುರು ಬೇರೆ ಪುಸ್ತಕ ಹಿಡಿದೆ. ಆನೆಯ ಪುಸ್ತಕ, ಊಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಮಗು ತುಟಿ ಬಿಗಿಹಿಡಿದು ಅಮ್ಮನ ಸೆರಗಿಗೆ ಮುಖ ತಿರುಗಿಸಿತು. ಪುಸ್ತಕದ ಹಿಂದೆ ಒಂದು ತುತ್ತು ಕಾದಿದೆ ಅಂತ ಅದಕ್ಕೆ ಗೊತ್ತಾಗಿಹೋಗಿತ್ತು. ಊಟ ಮಾಡಿಸಲು ಹೋಗಿ ಪುಸ್ತಕವನ್ನೂ ಕಳೆದುಕೊಂಡೆವು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅಂದಿನಿಂದ ಊಟದ ಪುಸ್ತಕ ಕೊಡುವಾಗ ನಾನು ಹೇಳುವ ಮೊದಲ ಮಾತು: ಊಟದ ಹೊತ್ತಲ್ಲಿ ಮಾತ್ರ ಇದನ್ನು ತೆಗೀಬೇಡಿ. ಸಂಜೆ ಜಗಲಿ ಮೇಲೆ ಓದಿ, ಮಲಗುವಾಗ ಓದಿ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು, ಪರಿಚಯವಿಲ್ಲದ ತರಕಾರಿಯ ಚಿತ್ರಪುಸ್ತಕವನ್ನು ಪುಟ್ಟ ಮಕ್ಕಳಿಗೆ ಎರಡು ವಾರ ದಿನಾ ತೋರಿಸಿ, ಆಮೇಲೆ ಆ ತರಕಾರಿಯನ್ನು ರುಚಿ ನೋಡಲು ಅವರು ಹೆಚ್ಚು ಮುಂದಾಗುವುದನ್ನು ಕಂಡಿದ್ದಾರೆ. ಅದು ನನಗೆ ಧೈರ್ಯ ಕೊಟ್ಟಿತು. ಆದರೆ ರುಚಿ ನೋಡುವುದೇ ಬೇರೆ, ತಟ್ಟೆ ಖಾಲಿ ಮಾಡುವುದೇ ಬೇರೆ. ಪುಸ್ತಕದ ಕೆಲಸ ಪರಿಚಯ ಮಾಡಿಸುವುದು, ಅಷ್ಟೇ.

ಎರಡನೆಯದಾಗಿ ತಾಯಿಯನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳುತ್ತೇನೆ: “ಮಗು ಅಡುಗೆಮನೆಗೆ ಬಂದ್ರೆ ಏನನ್ನ ಮುಟ್ಟೋಕೆ ಹೋಗುತ್ತೆ?” ಒಬ್ಬರು ಹಿಟ್ಟಿನ ಡಬ್ಬಿ ಅಂತಾರೆ, ಒಬ್ಬರು ಕಾಯಿ ತುರಿಯೋ ಮಣೆ ಅಂತಾರೆ, ಒಬ್ಬರು ಈರುಳ್ಳಿ ಬುಟ್ಟಿ ಅಂತಾರೆ. ಪುಸ್ತಕ ಆರಿಸಲು ನನಗೆ ವಯಸ್ಸಿಗಿಂತ ಈ ಉತ್ತರವೇ ಮುಖ್ಯ.

ಕಾಯಿ ತುರಿಯೋ ಮಣೆ ಅಂದವರಿಗೆ ನಾನು ತಪ್ಪದೆ ಕೊಡುವುದು ರಾಜೀವ್ ಐಪ್ ಅವರು ಬರೆದು ಚಿತ್ರ ಬಿಡಿಸಿದ ಅಮ್ಮಚ್ಚಿಯ ಯಂತ್ರಗಳ ಪುಸ್ತಕ. ಪ್ರಥಮ್ ಬುಕ್ಸ್ ಪ್ರಕಾಶನದ್ದು. ಅಮ್ಮಚ್ಚಿ ಎಂಬ ಅಜ್ಜಿ ಮತ್ತು ಸೂರಜ್ ಎಂಬ ಹುಡುಗ ಸೇರಿಕೊಂಡು ರಾಟೆ, ಸನ್ನೆಯಂಥ ಸರಳ ಯಂತ್ರಗಳನ್ನು ಹೂಡಿ ಕೊಬ್ಬರಿ ಬರ್ಫಿ ಮಾಡುವ ಕತೆ. ತಿಪಟೂರಿನ ಮಕ್ಕಳಿಗೆ ತೆಂಗಿನಕಾಯಿಯ ವಿಷಯದಲ್ಲಿ ಯಾರೂ ಏನೂ ಹೇಳಿಕೊಡಬೇಕಿಲ್ಲ. ಅಂಗನವಾಡಿಯ ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಮೊದಲ ಸಲ ಓದಿದಾಗ ಕತೆಗೆ ಐದು ನಿಮಿಷ, ಮಾತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹಾರೆ ನೆಟ್ಟು ಕಾಯಿ ಸುಲಿಯುವ ಅಪ್ಪ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಕೊಬ್ಬರಿಯಾಗುವ ಕಾಯಿ, ಎಲ್ಲವೂ ಬಂತು. ಮರುದಿನ ಒಬ್ಬ ಹುಡುಗ ಮನೆಯಿಂದ ಒಣಗಿದ ಕಾಯಿ ತಂದ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರಿಂದ ಒಳಗೆ ಲೊಡಲೊಡ ಸದ್ದು. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಆ ಕಾಯಿ ಇಡೀ ಕೋಣೆ ಸುತ್ತಿತು. ಬಾಯಿ ಮುಚ್ಚಿಕೊಳ್ಳುತ್ತಿದ್ದ ಆ ಹೆಣ್ಣುಮಗುವೂ ಅವತ್ತು ಅಲ್ಲಿತ್ತು. ಕಾಯಿಯನ್ನು ಕೆನ್ನೆಗೆ ಒತ್ತಿಕೊಂಡು ಕೂತಿತು. ಹೋಗುವಾಗ ಪುಸ್ತಕವನ್ನು ತಾನೇ ಕಂಕುಳಿಗೆ ಸಿಕ್ಕಿಸಿಕೊಂಡಿತು. ನಾನು ಅವರಮ್ಮನಿಗೆ ಹೇಳಿದ್ದು ಒಂದೇ: “ಅಡುಗೆಮನೆ ಕಡೆ ತಗೊಂಡು ಹೋಗಲಿ, ತಟ್ಟೆ ಹತ್ರ ಮಾತ್ರ ನೀವು ತರಬೇಡಿ.”

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನನ್ನಂಥವರಿಗೆ ದೊಡ್ಡ ಆಸರೆ. 2015ರಿಂದ ಇದೆ. ಕನ್ನಡದ ಕತೆಗಳನ್ನು ಪುಕ್ಕಟೆಯಾಗಿ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಬಹುದು. ನಾಲ್ಕು ಹಂತಗಳಿವೆ. ಅಂಗನವಾಡಿ ವಯಸ್ಸಿಗೆ ಒಂದನೇ ಹಂತ ಸಾಕು, 250ಕ್ಕಿಂತ ಕಡಿಮೆ ಪದಗಳಿರುತ್ತವೆ. ನಾನು ಅವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ದಾರ ಕಟ್ಟಿ ಇಟ್ಟಿದ್ದೇನೆ. ಬೆರಳಿಗೆ ಬೆಲ್ಲ ಮೆತ್ತಿಕೊಂಡು ಬಂದರೂ ಒರೆಸಿದರಾಯಿತು.

ಇಂಗ್ಲಿಷಿನದಾದರೂ ನಾನು ಬಿಟ್ಟುಕೊಡದ ಪುಸ್ತಕವೊಂದಿದೆ. ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ, 1969ರದ್ದು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು, ಹೀಗೆ ಹುಳ ತಿನ್ನುತ್ತಾ ಹೋಗುತ್ತದೆ. ತಿಂದ ಕಡೆಯಲ್ಲೆಲ್ಲ ಪುಟಕ್ಕೆ ನಿಜವಾದ ತೂತು. ಮಕ್ಕಳು ತೂತಿನಲ್ಲಿ ಕಿರುಬೆರಳು ತೂರಿಸದೆ ಪುಟ ತಿರುಗಿಸಲು ಬಿಡುವುದಿಲ್ಲ. ನಾನು ಕನ್ನಡದಲ್ಲಿ ಹೇಳಿಕೊಂಡು ಹೋಗುತ್ತೇನೆ. ಬುಧವಾರದ ಪ್ಲಮ್ ಹಣ್ಣು ನಮ್ಮ ಮಕ್ಕಳಿಗೆ ಗೊತ್ತಿರಲಾರದು ಅಂತ ಮೊದಲ ಸಲ “ಮೂರು ನೇರಳೆ ಹಣ್ಣು” ಅಂದೆ. ನಾಲ್ಕು ವರ್ಷದವನೊಬ್ಬ ಎದ್ದು ನಿಂತ. “ಇದು ನೇರಳೆ ಅಲ್ಲ ಮಿಸ್. ನೇರಳೆ ತಿಂದ್ರೆ ನಾಲಿಗೆ ನೀಲಿ ಆಗುತ್ತೆ. ಹುಳದ ನಾಲಿಗೆ ತೋರ್ಸಿ.” ಅವನು ಹೇಳಿದ್ದು ಸರಿ. ಅಂದಿನಿಂದ ಪ್ಲಮ್ಮನ್ನು ಪ್ಲಮ್ ಅಂತಲೇ ಹೇಳುತ್ತೇನೆ. ಗೊತ್ತಿಲ್ಲದ ಹಣ್ಣು ಗೊತ್ತಿಲ್ಲದ್ದಾಗಿಯೇ ಇರಲಿ, ಅದರ ಹೆಸರು ಹೇಳಿಕೊಂಡು ಕುಣಿಯಲು ಮಕ್ಕಳಿಗೆ ಖುಷಿಯೇ. ತಿಂಡಿಪೋತ ಹುಳಕ್ಕೆ ಶನಿವಾರ ಕೇಕು, ಐಸ್‌ಕ್ರೀಮು ಎಲ್ಲ ತಿಂದು ಹೊಟ್ಟೆನೋವು ಬರುತ್ತದೆ, ಭಾನುವಾರ ಒಂದು ಹಸಿರೆಲೆ ತಿಂದು ಸುಧಾರಿಸಿಕೊಳ್ಳುತ್ತದೆ. ಇಲ್ಲಿ ನಿಲ್ಲಿಸಿ “ನೋಡಿ, ಅದಕ್ಕೇ ಸೊಪ್ಪು ತಿನ್ನಬೇಕು” ಅನ್ನುವ ದೊಡ್ಡವರಿದ್ದಾರೆ. ದಯವಿಟ್ಟು ಬೇಡ.

ಅವರೆಕಾಯಿ ಕಾಲ ಬಂದಾಗ ಈ ಪುಸ್ತಕಕ್ಕೆ ಇನ್ನೊಂದು ಜೀವ ಬರುತ್ತದೆ. ಡಿಸೆಂಬರಿನಲ್ಲಿ ಎರಡು ಕೆಜಿ ಅವರೆಕಾಯಿ ತಂದು ಚಾಪೆ ಮೇಲೆ ಸುರಿಯುತ್ತೇನೆ. ಸೊಗಡಿನ ವಾಸನೆ, ಕೈಯೆಲ್ಲ ಅಂಟು. ಮಕ್ಕಳು ಕಾಯಿ ಬಿಡಿಸುತ್ತಾ ಕಾಳು ಹುಡುಕುವುದಿಲ್ಲ, ಹುಳ ಹುಡುಕುತ್ತಾರೆ. ತೂತಿರುವ ಕಾಯಿ ಸಿಕ್ಕಿದರೆ “ಮಿಸ್, ಇಲ್ಲಿ ಸೋಮವಾರ ತಿಂದೈತೆ” ಅನ್ನುತ್ತಾರೆ. ಒಂದು ವಿಷಯ ಮಾತ್ರ ಸರಿಯಾಗಿ ಹೇಳಿಕೊಡುತ್ತೇನೆ: ಪುಸ್ತಕದ ಹುಳ ಬಣ್ಣದ ಚಿಟ್ಟೆಯಾಗುತ್ತದೆ, ನಮ್ಮ ಅವರೆಹುಳ ಮಣ್ಣಿಗಿಳಿದು ಕೋಶವಾಗಿ ಆಮೇಲೆ ಪತಂಗವಾಗುತ್ತದೆ. ಬಿಡಿಸಿದ ಕಾಳನ್ನು ಅಂಗನವಾಡಿಯ ಸಾರಿಗೆ ಹಾಕುತ್ತಾರೆ. ತಾನು ಬಿಡಿಸಿದ ಕಾಳು ಯಾವುದು ಅಂತ ತಟ್ಟೆಯಲ್ಲಿ ಹುಡುಕುವ ಮಕ್ಕಳನ್ನು ನೋಡಬೇಕು.

ಐದು ದಾಟಿದವರಿಗೆ ಕರಡಿ ಟೇಲ್ಸ್ ಪ್ರಕಾಶನದ ‘ಥುಕ್ಪಾ ಫಾರ್ ಆಲ್’ ಚೆನ್ನ. ಥುಕ್ಪಾ ಅಂದರೆ ನೂಡಲ್ಸ್ ಹಾಕಿದ ಸೂಪು. ಲಡಾಖಿನ ಚಳಿಯ ರಾತ್ರಿ, ಅಜ್ಜಿಯ ಬಿಸಿ ಥುಕ್ಪಾಕ್ಕೆ ಕಾಯುತ್ತಿರುವ ಕಣ್ಣು ಕಾಣದ ಹುಡುಗ ತ್ಸೆರಿಂಗ್, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಕರೆಂಟ್ ಹೋಗುವ ಕತೆಯನ್ನು ನಮ್ಮೂರಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಓದಿದ ಮೇಲೆ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಮೆಂತ್ಯ, ಜೀರಿಗೆ, ಬೆಳ್ಳುಳ್ಳಿ, ಹಸಿ ಕೊಬ್ಬರಿ ಮೂಸಿಸುತ್ತೇನೆ.

ಮೊಟ್ಟೆ, ಮೀನು, ಮಾಂಸದ ಚಿತ್ರವಿರುವ ಪುಸ್ತಕ ಒಂದೆರಡು ಸಲ ಕೋಪದಿಂದ ವಾಪಸ್ ಬಂದಿವೆ. ನಾನು ಕಪಾಟಿನಿಂದ ಅವನ್ನು ತೆಗೆದಿಲ್ಲ. ಆ ಚಾಪೆಯ ಮೇಲೆ ಕೂರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯ ಊಟ ಅದು. ತನ್ನ ಮನೆಯ ಊಟವನ್ನು ಬಚ್ಚಿಡಬೇಕು ಅಂತ ಒಂದು ಮಗುವಿಗೆ ನನ್ನ ಕಪಾಟು ಕಲಿಸಬಾರದು. ಬೇಡ ಅಂದವರ ಕೈಗೆ ಬೇರೆ ಪುಸ್ತಕ ಕೊಡುತ್ತೇನೆ, ಜಗಳ ಮಾಡುವುದಿಲ್ಲ.

ಇಷ್ಟೆಲ್ಲ ಇದ್ದರೂ ಮುದ್ದೆಯ ಪುಸ್ತಕ ನನ್ನ ಕಪಾಟಿನಲ್ಲಿ ಒಂದೂ ಇರಲಿಲ್ಲ. ದಿನಾ ಎರಡು ಹೊತ್ತು ಉಣ್ಣುವುದು ಅದನ್ನೇ. ಕಡೆಗೆ ನಾವೇ ಮಾಡಿದೆವು. ಡ್ರಾಯಿಂಗ್ ಹಾಳೆ ಮಡಿಸಿ ಹನ್ನೆರಡು ಪುಟ. ಒಬ್ಬಳ ಅಜ್ಜಿಯ ಮನೆಗೆ ಹೋಗಿ ನಾನು ಮೊಬೈಲಿನಲ್ಲಿ ಫೋಟೊ ತೆಗೆದೆ, ಶಾಲೆ ಮಕ್ಕಳು ಅದನ್ನು ನೋಡಿಕೊಂಡು ಚಿತ್ರ ಬರೆದರು. ಎಸರು ಕುದಿಯುವುದು ಒಂದು ಪುಟ. ಹಿಟ್ಟು ಸುರಿದಾಗ ನಡುವೆ ಗುಡ್ಡದಂತೆ ನಿಲ್ಲುವುದು ಒಂದು ಪುಟ. ಮುದ್ದೆಕೋಲು ತಿರುಗುವುದಕ್ಕೆ ಎರಡು ಪುಟ. ಪದಗಳು ಬಹಳ ಕಮ್ಮಿ: ತಳತಳ, ಗಿರಗಿರ, ಹಬೆ ಹಬೆ. ಕೊನೇ ಪುಟದಲ್ಲಿ ಸಾರಿನೊಳಗೆ ಅದ್ದಿದ ತುತ್ತು, ಕೆಳಗೆ “ಅಗೀಬೇಡ, ನುಂಗು”.

ಓದು ಬಾರದ ಅಜ್ಜಿಯರು ಈ ಪುಸ್ತಕವನ್ನು ಚಿತ್ರ ನೋಡಿಯೇ ಓದಿ ಹೇಳುತ್ತಾರೆ. ಫೋಟೊಗೆ ನಿಂತ ಅಜ್ಜಿ ಅದನ್ನು ತಿರುವಿ ನೋಡಿ, ಒಂಬತ್ತನೇ ಪುಟದ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು: “ಕೈ ಒದ್ದೆ ಮಾಡ್ಕೊಳೋದು ಎಲ್ಲವ್ವ? ಒದ್ದೆ ಮಾಡ್ಕೊಳ್ದೆ ಮುದ್ದೆ ಕಟ್ಟಿದ್ರೆ ಕೈ ಸುಡಲ್ವಾ?” ನಿಜ, ಬಿಟ್ಟುಹೋಗಿತ್ತು. ಎಂಟು ಒಂಬತ್ತರ ನಡುವೆ ಒಂದು ಹಾಳೆ ಅಂಟಿಸಿ, ನೀರಿನ ಚೊಂಬು ಮತ್ತು ಒದ್ದೆ ಕೈ ಬರೆಸಿದ್ದೇವೆ. ಪುಸ್ತಕ ಈಗ ಆ ಜಾಗದಲ್ಲಿ ಸ್ವಲ್ಪ ಉಬ್ಬಿಕೊಂಡಿದೆ, ತೆಗೆದರೆ ಮೊದಲು ಅದೇ ಪುಟ ತೆರೆದುಕೊಳ್ಳುತ್ತದೆ.