ಗಾದೆಗೆ, ಶಕುನಕ್ಕೆ ವಯಸ್ಸು ಕಟ್ಟುವುದು ಹೇಗೆ?

ಗಾದೆಯ ಮೂಲ ಹುಡುಕಲು ಹೊರಟವರು ಮೊದಲು ಮಾಡಬೇಕಾದದ್ದು ‘ಇದನ್ನು ಮೊಟ್ಟಮೊದಲು ಹೇಳಿದವರು ಯಾರು?’ ಅನ್ನುವ ಪ್ರಶ್ನೆಯನ್ನು ಕೈಬಿಡುವುದು. ಅದಕ್ಕೆ ಉತ್ತರ ಸಿಗುವುದಿಲ್ಲ. ಸಿಕ್ಕಿದೆ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ಅನುಮಾನಪಡಿ. ಅದರ ಬದಲು ಮೂರು ಸಣ್ಣ ಪ್ರಶ್ನೆ ಇಟ್ಟುಕೊಳ್ಳಿ. ಯಾವ ಕಾಲಕ್ಕಿಂತ ಹಿಂದೆ ಈ ಮಾತು ಹುಟ್ಟಿರಲು ಸಾಧ್ಯವೇ ಇಲ್ಲ? ಯಾವ ಕಾಲಕ್ಕಾಗಲೇ ಇದು ಜನರ ಬಾಯಲ್ಲಿತ್ತು? ಯಾವ ಸೀಮೆಯವರು ಆಡಿದ ಮಾತು? ಇಷ್ಟಕ್ಕೆ ಉತ್ತರ ಸಿಕ್ಕರೆ ಗಾದೆಯ ಎರಡೂ ಕಡೆ ಬೇಲಿ ಬಿದ್ದ ಹಾಗೆ. ಒಳಗೆ ಎಲ್ಲಿ ಹುಟ್ಟಿತೋ, ಅದು ಅದರ ಪಾಡು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಕನ್ನಡದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ‘ದಿನಕ್ಕೊಂದು ಗಾದೆ’ ಹಲಗೆ ನನ್ನ ಪಾಲಿಗೆ ಬಂತು. ನಿವೃತ್ತಿಯಾದರೂ ಆ ಚಟ ಬಿಟ್ಟಿಲ್ಲ. ಹಾಗಾಗಿ ಇಲ್ಲಿ ಹೇಳುವ ವಿಧಾನದಲ್ಲಿ ಸಾಹಿತ್ಯಕ್ಕಿಂತ ಪ್ರಯೋಗಶಾಲೆಯ ವಾಸನೆ ಸ್ವಲ್ಪ ಹೆಚ್ಚು.

ಶುರು ಮಾಡುವವರು ದುಡ್ಡಿನ ಮಾತುಗಳಿಂದ ಶುರು ಮಾಡಿ. ನಾಣ್ಯಕ್ಕೆ ಸರಕಾರದ ತಾರೀಖು ಇರುತ್ತದೆ, ಗಾದೆಗೆ ಇರುವುದಿಲ್ಲ. ‘ನಯಾ ಪೈಸೆ ಕೊಡಲ್ಲ’ ಅನ್ನುವ ಮಾತು ತಗೊಳ್ಳಿ. ನಮ್ಮ ದೇಶದಲ್ಲಿ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಹಳೇ ಪೈಸೆಗೂ ಹೊಸದಕ್ಕೂ ಗೊಂದಲವಾಗದಿರಲೆಂದೇ ಹೊಸದನ್ನು ‘ನಯಾ ಪೈಸೆ’ ಎಂದು ಕರೆದರು. 1964ರ ಜೂನ್‌ನಲ್ಲಿ ‘ನಯಾ’ ಬಿದ್ದುಹೋಯಿತು. ಹಾಗಾದರೆ ನಮ್ಮಜ್ಜಿ ಮದುವೆಯಾಗಿ ಬಂದ ಕಾಲದಲ್ಲಿ ಯಾವ ಜಿಪುಣನೂ ‘ನಯಾ ಪೈಸೆ ಬಿಚ್ಚಲ್ಲ’ ಅನ್ನಿಸಿಕೊಂಡಿರಲಿಲ್ಲ. ಬೇರೇನೋ ಅನ್ನಿಸಿಕೊಂಡಿದ್ದ. ಏಳೇ ವರ್ಷ ಬಾಳಿದ ಹೆಸರು ಇವತ್ತಿಗೂ ನಮ್ಮ ಬೈಗುಳದಲ್ಲಿದೆ!

ಈಗ ಇದನ್ನೇ ತಿರುಗಿಸಿ ನೋಡಿ. ‘ಹದಿನಾರಾಣೆ ಸತ್ಯ’ ಅನ್ನುವುದು 1957ಕ್ಕಿಂತ ಹಿಂದಿನದೇ ಇರಬೇಕು ಅಂತ ಹೇಳಲು ಬಾಯಿ ತುರಿಸುತ್ತದೆ. ತಡೆಯಿರಿ. ಆಣೆ ಚಲಾವಣೆಯಿಂದ ಹೋದರೂ ಜನ 25 ಪೈಸೆಗೆ ‘ನಾಲ್ಕಾಣೆ’, 50 ಪೈಸೆಗೆ ‘ಎಂಟಾಣೆ’ ಅನ್ನುತ್ತಲೇ ಇದ್ದರು. 25 ಪೈಸೆಯ ನಾಣ್ಯವೇ ರದ್ದಾದದ್ದು 2011ರಲ್ಲಿ. ಅಂದರೆ ಆಣೆಯ ಹೆಸರಿರುವ ಮಾತನ್ನು ಅಲ್ಲಿಯವರೆಗೂ ಯಾರಾದರೂ ಹೊಸದಾಗಿ ಕಟ್ಟಿರಬಹುದು. ಪದಾರ್ಥದ ಹುಟ್ಟಿನಿಂದ ‘ಇದಕ್ಕಿಂತ ಹಿಂದಿಲ್ಲ’ ಅನ್ನುವ ಬೇಲಿ ಗಟ್ಟಿಯಾಗಿ ನಿಲ್ಲುತ್ತದೆ. ಪದಾರ್ಥದ ಸಾವಿನಿಂದ ‘ಇದಕ್ಕಿಂತ ಈಚೆಗಿಲ್ಲ’ ಅನ್ನುವ ಬೇಲಿ ನಿಲ್ಲುವುದಿಲ್ಲ. ‘ಸೇರಿಗೆ ಸವಾಸೇರು’ ಅನ್ನುವ ಹುಡುಗರು ಸೇರನ್ನು ಕಣ್ಣಲ್ಲೂ ಕಂಡವರಲ್ಲ. ಸವಾಸೇರು ಅಂದರೆ ಒಂದೂಕಾಲು ಸೇರು ಅಂತ ನಾನೇ ಹೇಳಿಕೊಡಬೇಕಾಗಿತ್ತು.

ಇದೇ ಕೀಲಿ ಶಕುನಗಳ ಬೀಗಕ್ಕೂ ಹೊಂದುತ್ತದೆ. ಅಂಗಡಿ ಬಾಗಿಲಿಗೆ, ಲಾರಿ ಮೂತಿಗೆ ಕಟ್ಟುವ ನಿಂಬೆಹಣ್ಣು, ಹಸಿಮೆಣಸಿನಕಾಯಿ ನೋಡಿ. ‘ಐದು ಸಾವಿರ ವರ್ಷಗಳ ಹಿಂದೆಯೇ ನಮ್ಮ ಋಷಿಗಳು...’ ಅಂತ ಶುರುವಾಗುವ ಸಂದೇಶ ನಿಮಗೂ ಬಂದಿರುತ್ತದೆ. ಅದರಲ್ಲಿರುವ ಸಾಮಾನುಗಳನ್ನು ಒಂದೊಂದಾಗಿ ಹೊರಗೆ ತೆಗೆದು ಊರು ಕೇಳಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವಾ ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ಬಂದದ್ದು ಅವರ ಹಡಗುಗಳ ಕಾಲದಲ್ಲಿ. ಅದಕ್ಕೆ ಮುಂಚೆ ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ಆದ್ದರಿಂದ ಈಗ ಕಾಣುವ ರೂಪದ ಈ ದೃಷ್ಟಿಸರಕ್ಕೆ ಹೆಚ್ಚೆಂದರೆ ಐನೂರು ವರ್ಷ. ಹಳೇ ಆಚರಣೆಯೊಳಗೆ ಹೊಸ ಸಾಮಾನು ಸೇರಿಕೊಂಡಿರಬಹುದಲ್ಲ ಅಂದರೆ, ಖಂಡಿತ ಸೇರಿಕೊಂಡಿರಬಹುದು. ಅದಕ್ಕೇ ‘ಈ ರೂಪದಲ್ಲಿ’ ಅಂತ ಬರೆದುಕೊಳ್ಳಿ, ‘ದೃಷ್ಟಿ ತೆಗೆಯುವುದೇ ಐನೂರು ವರ್ಷದ್ದು’ ಅಂತ ಬರೆಯಬೇಡಿ. ಆಲೂಗಡ್ಡೆ, ಟೊಮೆಟೊ, ಕಡಲೇಕಾಯಿ, ಪರಂಗಿಹಣ್ಣು, ಸೀಬೆ, ಗೋಡಂಬಿ, ಮುಸುಕಿನ ಜೋಳ, ಇವೂ ಆ ಕಡೆಯಿಂದಲೇ ಬಂದವು. ಈ ಪಟ್ಟಿಯನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಅರ್ಧ ಸಂದೇಶಗಳನ್ನು ನಿಂತಲ್ಲೇ ಅಳೆಯಬಹುದು.

ಅದೇ ಸಂದೇಶದ ಎರಡನೇ ಭಾಗದಲ್ಲಿ ‘ವೈಜ್ಞಾನಿಕ ಕಾರಣ’ ಇರುತ್ತದೆ: ನಿಂಬೆಯ ಸಿ ವಿಟಮಿನ್ ದಾರದ ಮೂಲಕ ಗಾಳಿಗೆ ಸೇರಿ ಮನೆಮಂದಿಗೆ ಆರೋಗ್ಯ ಕೊಡುತ್ತದಂತೆ. ಸಿ ವಿಟಮಿನ್ ಆವಿಯಾಗಿ ಹಾರುವ ವಸ್ತುವಲ್ಲ, ಶುದ್ಧ ರೂಪದಲ್ಲಿ ಅದು ಬಿಳಿ ಪುಡಿ. ನಿಂಬೆಯ ಲಾಭ ಬೇಕಾದರೆ ಪಾನಕ ಮಾಡಿ ಕುಡಿಯಿರಿ. ರಾತ್ರಿ ಹುಣಸೆಮರದ ಕೆಳಗೆ ಮಲಗಬಾರದು ಅನ್ನುವುದಕ್ಕೂ ಇಂಥದ್ದೇ ವಿವರಣೆ ಅಂಟಿಸುತ್ತಾರೆ, ಇಂಗಾಲದ ಡೈಆಕ್ಸೈಡ್ ಅಂತ. ಗಿಡಮರ ರಾತ್ರಿ ಅದನ್ನು ಬಿಡುವುದು ನಿಜ. ಆದರೆ ಬಯಲಿನ ಗಾಳಿಯಲ್ಲಿ ಅದು ಹರಡಿ ಹೋಗುತ್ತದೆ. ಅದರಿಂದ ಉಸಿರು ಕಟ್ಟುವುದಾಗಿದ್ದರೆ ಬಂಡೀಪುರದಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಜಿಂಕೆಯೂ ಉಳಿಯುತ್ತಿರಲಿಲ್ಲ. ರಾತ್ರಿ ಉಗುರು ಕತ್ತರಿಸಬಾರದು ಅನ್ನುವುದಕ್ಕೆ ಮಾತ್ರ ‘ದೀಪದ ಬೆಳಕು ಸಾಲದ ಕಾಲ’ ಅನ್ನುವ ವಿವರಣೆ ನನಗೆ ಒಪ್ಪಿಗೆ. ಜಪಾನಿನಲ್ಲೂ ಇದೇ ನಿಷೇಧವಿದೆ. ರಾತ್ರಿ ಉಗುರು ತೆಗೆದರೆ ತಂದೆತಾಯಿಯ ಕೊನೆಗಾಲದಲ್ಲಿ ಹತ್ತಿರವಿರುವುದಿಲ್ಲ ಅಂತ ಅವರು ಹೆದರಿಸುತ್ತಾರೆ. ಆದರೂ ಇದು ಊಹೆಯೇ. ಊಹೆಯನ್ನು ಊಹೆ ಅಂತಲೇ ಬರೆಯಿರಿ.

ಪರೀಕ್ಷೆ ಮಾಡಲು ಆಗುವಂಥದ್ದನ್ನು ಪರೀಕ್ಷೆಯನ್ನೇ ಮಾಡಬೇಕು, ಕೂತು ವಾದ ಮಾಡಬಾರದು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಕೊಡಗಿನ ಕುಟ್ಟದಲ್ಲಿ, ಮಂಗಳೂರಿನಲ್ಲಿ ಬಳೆಯಂತೆ ಕಂಡಿತು, ನಮ್ಮ ತಿಪಟೂರಿನ ಕಡೆ ಪಾರ್ಶ್ವ. ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಅನ್ನುವುದು ನಮ್ಮ ಬೀದಿಯ ನಂಬಿಕೆ. ನಾನು ಮಾಡಿದ್ದಿಷ್ಟೇ: ಹಿಂದಿನ ದಿನ ಸಂಜೆಯೇ ಒನಕೆ ತಂದು ಹಿತ್ತಾಳೆ ತಟ್ಟೆಯಲ್ಲಿ ನಿಲ್ಲಿಸಿದೆ. ನಿಂತಿತು. ಕೆಳಗೆ ಕಬ್ಬಿಣದ ಬಳೆ ಹೊಡೆದು ಸಮತಟ್ಟು ಮಾಡಿದ ಒನಕೆ ಯಾವ ದಿನವಾದರೂ ನಿಲ್ಲುತ್ತದೆ, ನಿಲ್ಲಿಸುವವರಿಗೆ ತಾಳ್ಮೆ ಬೇಕು ಅಷ್ಟೆ. ಗ್ರಹಣದ ದಿನ ಬಿಟ್ಟು ಬೇರೆ ದಿನ ಯಾರೂ ಪ್ರಯತ್ನಪಡುವುದಿಲ್ಲ, ಅದೇ ಗುಟ್ಟು. ಪಕ್ಕದ ಮನೆ ಅಜ್ಜಿ ನೋಡಿ, “ಏನೋ ಕಣಮ್ಮ, ನಿಮ್ಮ ಮನೆ ಒನಕೆಗೆ ನಾಳೆದು ಇವತ್ತೇ ಗೊತ್ತಾಗೈತೆ” ಅಂದರು. ಇಂಥ ಉತ್ತರಕ್ಕೂ ತಯಾರಿರಿ. ಆದರೆ ಎಲ್ಲವೂ ನಗುವ ವಿಷಯವಲ್ಲ. ಅದೇ ದಿನ ಕಲಬುರಗಿ ಜಿಲ್ಲೆಯಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆ ಅಂತ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಅಂಥದ್ದು ಕಂಡರೆ ಮೂಲ ಹುಡುಕುತ್ತ ಕೂರಬೇಡಿ, ಮಗುವನ್ನು ಎತ್ತಿಸಿ.

ಪ್ರಾಣಿಗಳ ಗಾದೆ ಸಿಕ್ಕರೆ ಪ್ರಾಣಿಯನ್ನೇ ಕೇಳುವುದು ನನ್ನ ಪದ್ಧತಿ. ‘ಎತ್ತು ಏರಿಗೆಳೀತು, ಕೋಣ ನೀರಿಗೆಳೀತು’ ಅನ್ನುವುದು ಹೊಂದಿಕೆಯಿಲ್ಲದ ಜೋಡಿಗೆ ಹೇಳುವ ಮಾತು. ಇದನ್ನು ಕಟ್ಟಿದವರು ಎರಡನ್ನೂ ಬಿಸಿಲಿನಲ್ಲಿ ದುಡಿಸಿ ನೋಡಿದವರು. ದನಗಳಿಗೆ ಹೋಲಿಸಿದರೆ ಎಮ್ಮೆ-ಕೋಣಗಳಿಗೆ ಬೆವರಿನ ಗ್ರಂಥಿ ತೀರಾ ಕಡಿಮೆ, ಚರ್ಮವೂ ಕಪ್ಪು. ಮೈ ತಣಿಯಬೇಕಾದರೆ ನೀರೋ ಕೆಸರೋ ಬೇಕೇ ಬೇಕು. ಇಲ್ಲಿ ಗಾದೆ ಪಾಸು. ‘ಆಡು ಮುಟ್ಟದ ಸೊಪ್ಪಿಲ್ಲ’ ಮಾತ್ರ ಫೇಲು: ಆಡುಸೋಗೆಯ ಕಹಿ ಎಲೆಗೆ ಆಡು ಬಾಯಿ ಹಾಕುವುದಿಲ್ಲ, ಹೊಲದ ಬೇಲಿಗೆ ಅದನ್ನು ನೆಡುವುದೂ ಅದಕ್ಕೇ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಅಂತ ಯಾರಾದರೂ ಜೋರು ಮಾಡಿದರೆ ನಾನು ಈ ಗಿಡ ತೋರಿಸುತ್ತೇನೆ.

ಮಳೆಯ ಗಾದೆಗಳಿಗೆ ಪಂಚಾಂಗ ಕೈಯಲ್ಲಿ ಹಿಡಿಯಬೇಕು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರಾ ಜೂನ್ 22ರ ಹೊತ್ತಿಗೆ, ಮಘೆ ಆಗಸ್ಟ್ ಮಧ್ಯಕ್ಕೆ, ಸ್ವಾತಿ ಅಕ್ಟೋಬರ್ 24ರ ಆಸುಪಾಸಿಗೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುವುದನ್ನು ಈ ತಾರೀಖಿನ ಪಕ್ಕದಲ್ಲಿಟ್ಟು ಓದಿ. ಮುಂಗಾರು ಜೋಳ ಬಿತ್ತಲು ನೆಲ ಹದವಾಗಬೇಕಾದ ಸಮಯ ಅದು. ಬೆಳೆ ಜೋಳ, ಬೀದಿ ‘ಓಣಿ’. ಮಾತಿನ ಊರು ಉತ್ತರದ ಬಯಲುಸೀಮೆ ಅನ್ನುವುದಕ್ಕೆ ಎರಡು ಸಾಕ್ಷಿ ಒಂದೇ ಸಾಲಲ್ಲಿ ಸಿಕ್ಕವು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಅನ್ನುವಲ್ಲಿ ಹಿಟ್ಟು ಅಂದರೆ ರಾಗಿಮುದ್ದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳೆ ನೋಡಿ ಸೀಮೆ ಹೇಳುವುದು ಹೀಗೆ. ಇನ್ನೊಂದು ಸೂಕ್ಷ್ಮ ಇದೆ. ನಕ್ಷತ್ರದ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಜಾರುತ್ತದೆ. ಕೆಂಪೇಗೌಡರು ಬೆಂಗಳೂರು ಕಟ್ಟಿದ 1537ರಲ್ಲಿ ರೋಹಿಣಿ ಮಳೆ, ಋತುವಿನ ಲೆಕ್ಕದಲ್ಲಿ, ಈಗಿಗಿಂತ ಒಂದು ವಾರ ಮುಂಚೆ ಶುರುವಾಗುತ್ತಿತ್ತು. ‘ಈಗ ಯಾಕೋ ಮಳೆಗಾದೆ ಕೂಡಿಬರಲ್ಲ’ ಅಂತ ಗೊಣಗುವವರಿಗೆ ಹವಾಮಾನದ ಜೊತೆ ಇದನ್ನೂ ಹೇಳಿ.

ಎರಡನೇ ಬೇಲಿಗೆ, ಅಂದರೆ ಯಾವ ಕಾಲಕ್ಕಾಗಲೇ ಇತ್ತು ಅನ್ನುವುದಕ್ಕೆ, ಪುಸ್ತಕವೇ ಗತಿ. ಮೊದಲು ಕಿಟೆಲ್ ಕೋಶ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಪದದ ಅರ್ಥದ ಜೊತೆಗೆ ಗಾದೆಗಳನ್ನೂ ಸುರಿದಿದ್ದಾರೆ. ಗಾದೆಯ ಅತಿ ಅಪರೂಪದ ಪದ ಯಾವುದೋ ಅದರ ಕೆಳಗೆ ಹುಡುಕಿ; ‘ಕೈ’, ‘ಮನೆ’ ಅಂಥ ಪದಗಳ ಕೆಳಗೆ ಹೋದರೆ ಸಂಜೆಯಾಗುತ್ತದೆ. ಸಿಕ್ಕರೆ 1894ಕ್ಕೆ ಆ ಮಾತು ಬದುಕಿತ್ತು ಅಂತಾಯಿತು. ಸಿಗದಿದ್ದರೆ ಇರಲಿಲ್ಲ ಅಂತಲ್ಲ, ಅವರ ಕಿವಿಗೆ ಬಿದ್ದಿರಲಿಲ್ಲ ಅಷ್ಟೆ. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು. ಅದು ಪದಕ್ಕೆ ಹಳೇ ಕಾವ್ಯ, ಶಾಸನಗಳ ಸಾಲುಗಳನ್ನೇ ಆಧಾರ ಕೊಡುತ್ತದೆ. ವಚನಗಳಿಗೆ ‘ವಚನ ಸಂಚಯ’ ಜಾಲತಾಣದಲ್ಲಿ ಪದ ಹಾಕಿ ಹುಡುಕಬಹುದು. ಇಡೀ ಗಾದೆ ಹಾಕಬೇಡಿ, ಎರಡು ಪದ ಸಾಕು. ನಾಗರಕ್ಕೆ ಹಾಲೆರೆಯುವುದರ ವಯಸ್ಸು ನನಗೆ ಸಿಕ್ಕಿದ್ದು ಅಲ್ಲೇ: ಕಲ್ಲಿನ ನಾಗರಕ್ಕೆ ಹಾಲೆರೆಯಿರಿ ಅನ್ನುವವರು ದಿಟದ ನಾಗರ ಕಂಡರೆ ಕೊಲ್ಲಿ ಅನ್ನುತ್ತಾರೆ ಎಂದು ಬಸವಣ್ಣನವರು ಚುಚ್ಚಿದ್ದಾರೆ. 12ನೇ ಶತಮಾನಕ್ಕಾಗಲೇ ಅದು ಚುಚ್ಚುವಷ್ಟು ಮಾಮೂಲಾಗಿತ್ತು. ಸರ್ವಜ್ಞನ ಹೆಸರಿನಲ್ಲಿ ಬರುವುದರ ಬಗ್ಗೆ ಮಾತ್ರ ಎಚ್ಚರ. ಮೂರು ಸಾಲು ಕಟ್ಟಿ ಕೊನೆಗೆ ಅವನ ಹೆಸರು ಹಾಕುವುದು ಯಾರಿಗೆ ಬರುವುದಿಲ್ಲ?

ಪುಸ್ತಕದಲ್ಲಿ ಇಲ್ಲದ್ದನ್ನು ಜನರನ್ನೇ ಕೇಳಬೇಕು. ಇದಕ್ಕೆ ‘ನಾಳೆ ಬಾ’ಗಿಂತ ಒಳ್ಳೇ ಅಭ್ಯಾಸ ಇಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ನಮ್ಮಂಥ ಎಷ್ಟೋ ಊರುಗಳಲ್ಲೂ ಬಾಗಿಲ ಮೇಲೆ ಈ ಎರಡು ಪದ ಕಂಡವು. ರಾತ್ರಿ ಮನೆಯವರ ದನಿಯಲ್ಲೇ ಕರೆಯುವ ದೆವ್ವ ಅದನ್ನು ಓದಿಕೊಂಡು ವಾಪಸು ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರಸ್ಥ ದೆವ್ವ, ಆದರೆ ಲೆಕ್ಕದಲ್ಲಿ ಹಿಂದೆ. ಬಾಗಿಲಿಗೆ ಬರೆದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ, ಕೇಳಿ. ‘ಯಾವ ಇಸವಿ?’ ಅಂತ ಮಾತ್ರ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. “ಆಗ ಯಾವ ಮನೇಲಿದ್ರಿ? ಮನೇಲಿ ಯಾರ ಬಾಣಂತನ ನಡೀತಿತ್ತು? ಸುಣ್ಣದಲ್ಲಿ ಬರೆದ್ರೋ ಸೀಮೆಸುಣ್ಣದಲ್ಲೋ?” ಅಂತ ಕೇಳಿ. ನಮ್ಮ ಅತ್ತಿಗೆ, “ಎರಡನೇದು ಹುಟ್ಟಿ ಇನ್ನೂ ತೊಟ್ಟಿಲು ಹಾಕಿರಲಿಲ್ಲ ಕಣೇ, ನಿಮ್ಮಣ್ಣನೇ ಕೆಮ್ಮಣ್ಣಲ್ಲಿ ಬರೆದರು” ಅಂದರು. ಮಗುವಿನ ಜನನ ಪತ್ರ ತೆಗೆದು ನೋಡಿದರೆ ತಿಂಗಳೇ ಸಿಕ್ಕಿತು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗುತ್ತದೆ. ಇಷ್ಟೆಲ್ಲ ಮಾಡಿದರೂ ಮೊದಲು ಬರೆದ ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ಪ್ರತಿಯೊಬ್ಬರೂ ಹೇಳುವುದು ‘ಪಕ್ಕದ ಬೀದಿಯವರು ಬರೆದಿದ್ದರು’ ಅಂತಲೇ. ಕಣ್ಣೆದುರೇ ಹುಟ್ಟಿದ ನಂಬಿಕೆಯ ಪಾಡು ಇದಾದರೆ ಬೆಕ್ಕು ಅಡ್ಡ ಬರುವುದರ ಮೂಲಪುರುಷನನ್ನು ಹುಡುಕಿ ಪ್ರಯೋಜನವಿಲ್ಲ.

ಬರೆದಿಡಲು ರಟ್ಟಿನ ಚೀಟಿ ಸಾಕು. ಮೇಲೆ ಗಾದೆ, ಕೇಳಿದವರ ಬಾಯಲ್ಲಿ ಹೇಗೆ ಬಂತೋ ಹಾಗೇ, ತಿದ್ದದೆ. ಕೆಳಗೆ ಹೇಳಿದವರ ಊರು, ಕೆಲಸ, ಅಂದಾಜು ವಯಸ್ಸು. ಆಮೇಲೆ ‘ಇದಕ್ಕಿಂತ ಹಿಂದಿಲ್ಲ’, ‘ಇಷ್ಟರೊಳಗೆ ಇತ್ತು’, ‘ಸೀಮೆ’, ಕೊನೆಗೆ ‘ಊಹೆ’. ಕೊನೇ ಸಾಲಿಗೆ ಬೇರೆ ಬಣ್ಣದ ಶಾಯಿ ಬಳಸಿ. ನಯಾ ಪೈಸೆಯ ಚೀಟಿಯಲ್ಲಿ ನಾನು ಬರೆದಿರುವುದು ಹೀಗೆ: ‘ಹಿಂದಿಲ್ಲ: 1957. ಸೀಮೆ: ಇಡೀ ದೇಶದ ನಾಣ್ಯ, ಹೇಳಲಾಗದು. ಊಹೆ: ಹಳೇ ಪೈಸೆಗೆ ಬೆಲೆ ಹೆಚ್ಚಿತ್ತು, ಹೊಸದು ಸಣ್ಣದು, ಅದಕ್ಕೇ ಜಿಪುಣನ ಬಾಯಿಗೆ ಒಗ್ಗಿತು.’ ‘ಇಷ್ಟರೊಳಗೆ ಇತ್ತು’ ಅನ್ನುವ ಜಾಗ ಮಾತ್ರ ಖಾಲಿ ಇದೆ. ಅರವತ್ತರ ದಶಕದ ಹಳೇ ವಾರಪತ್ರಿಕೆಗಳ ಕಟ್ಟು ನಿಮ್ಮ ಅಟ್ಟದ ಮೇಲಿದ್ದರೆ ನಗೆಹನಿಗಳ ಪುಟದಲ್ಲಿ ಹುಡುಕಿ ನೋಡಿ.