ಪಿವಿಸಿ ಪೈಪಿನಲ್ಲಿ ಮೋಹನ: ಶಾಲೆಯ ವೇದಿಕೆಗೆ ಒಂಬತ್ತು ಕೊಳವೆಗಳ ವಾದ್ಯ

ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ವಿಜ್ಞಾನದ ಪಾಲಿಗೆ ಬರುವುದು ಒಂದು ಕಿರುನಾಟಕ, ಇಲ್ಲವೇ ಮೂಲೆಯ ಮೇಜಿನ ಮೇಲೊಂದು ಜ್ವಾಲಾಮುಖಿ ಮಾದರಿ. ಸಂಗೀತ ಬೇರೆ, ವಿಜ್ಞಾನ ಬೇರೆ. ಒಂಬತ್ತನೆಯ ತರಗತಿಯ ‘ಶಬ್ದ’ ಪಾಠಕ್ಕೆ ಅಳೆದು ಕತ್ತರಿಸಿದ ಪೈಪುಗಳನ್ನೇ ವೇದಿಕೆಯ ಮೇಲೆ ವಾದ್ಯವಾಗಿ ನುಡಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಪೈಪಿನ ಬಾಯಿಗೆ ಹವಾಯಿ ಚಪ್ಪಲಿಯಿಂದ ಬಡಿದರೆ ಒಳಗಿನ ಗಾಳಿಯ ಕಂಬ ಅದುರಿ ಸ್ವರ ಬರುತ್ತದೆ, ಅಷ್ಟೇ ತತ್ತ್ವ. ಕಷ್ಟವಿರುವುದು ಶ್ರುತಿಯಲ್ಲಿ.

ರಾಗ ಮೋಹನ. ಸ ರಿ ಗ ಪ ದ, ಐದೇ ಸ್ವರ. ಪಕ್ಕಪಕ್ಕದ ಎರಡು ಸ್ವರಗಳ ನಡುವೆ ಎಲ್ಲೂ ಒಂದೇ ಸ್ವರಸ್ಥಾನದ ಇಕ್ಕಟ್ಟಿಲ್ಲ. ಪೈಪಿನಲ್ಲಿ ಗಮಕ, ಅಂದರೆ ಸ್ವರದ ತೂಗಾಟ, ಬರುವುದಿಲ್ಲ. ತೋಡಿಯಂಥ, ಗಮಕವೇ ಜೀವವಾದ ರಾಗಕ್ಕೆ ಕೈ ಹಾಕಿದರೆ ಕೇಳುವವರಿಗೆ ಹಿಂಸೆ. ಮೋಹನದಲ್ಲೂ ಗಮಕವನ್ನು ಹಾಡುವ ಮಕ್ಕಳಿಗೆ ಬಿಟ್ಟು, ತಾಳದ ಎಣಿಕೆಗೆ ಬೀಳುವ ಸ್ವರಗಳನ್ನಷ್ಟೇ ಪೈಪಿಗೆ ಕೊಡಬೇಕು.

ಶ್ರುತಿ ಹಾರ್ಮೋನಿಯಂನ ಬಿಳಿ ಆರು, ಅಂದರೆ ಆರನೆಯ ಬಿಳಿ ಮನೆ (ಕೀ). ಹುಡುಗಿಯರ ಷಡ್ಜ 220 ಹರ್ಟ್ಸ್, ಪೈಪಿನ ಷಡ್ಜ ಅದಕ್ಕೆ ಒಂದು ಸ್ಥಾಯಿ ಕೆಳಗೆ, 110. ಮೇಲಿನ ಸ್ಥಾಯಿಯಲ್ಲೇ ಎಲ್ಲ ಪೈಪುಗಳನ್ನು ಕತ್ತರಿಸಿದರೆ ಸಾಮಾನು ಉಳಿಯುತ್ತದೆ ನಿಜ, ಆದರೆ ಗಿಡ್ಡ ಪೈಪಿನಲ್ಲಿ ಚಪ್ಪಲಿಯ ‘ಟಪ್’ ಜಾಸ್ತಿ, ಸ್ವರ ಕಡಿಮೆ. ಒಂದೂವರೆ ಮೀಟರಿನ ಪೈಪು ‘ಬೂಂ’ ಎನ್ನುವಾಗಿನ ಗಾಂಭೀರ್ಯ ಅದಕ್ಕಿಲ್ಲ.

ಬೇಕಾದ ಸಾಮಾನು: 50 ಮಿ.ಮೀ. ಹೊರವ್ಯಾಸದ, 6 ಮೀಟರ್ ಉದ್ದದ ಪಿವಿಸಿ ಪೈಪು ಎರಡು. ಹ್ಯಾಕ್ಸಾ, ಮರಳು ಕಾಗದ, ಅದೇ ಅಳತೆಯ ಎಂಡ್ ಕ್ಯಾಪ್ ಒಂದು, ಹಳೆಯ ಸೈಕಲ್ ಟ್ಯೂಬು, ಹಳೆಯ ಎಕ್ಸ್-ರೇ ಫಿಲ್ಮು ನಾಲ್ಕೈದು, ಸೆಲ್ಲೋಟೇಪು, ಐದು ಜೊತೆ ಹವಾಯಿ ಚಪ್ಪಲಿ. ಪೈಪಿನ ಒಳವ್ಯಾಸವನ್ನು ಅಂಗಡಿಯಲ್ಲೇ ಸ್ಕೇಲು ಇಟ್ಟು ನೋಡಿಕೊಳ್ಳಿ. ಗೋಡೆಯ ದಪ್ಪ ಪೈಪಿನ ದರ್ಜೆಗೆ ತಕ್ಕಂತೆ ಬದಲಾಗುತ್ತದೆ. ನನ್ನ ಲೆಕ್ಕ 46 ಮಿ.ಮೀ. ಒಳವ್ಯಾಸಕ್ಕೆ.

ಎರಡೂ ಕಡೆ ತೆರೆದ ಕೊಳವೆಯ ಗಾಳಿಕಂಬ ಸ್ವರದ ತರಂಗದ ಅರ್ಧದಷ್ಟು ಉದ್ದವಿರಬೇಕು. ಶಬ್ದದ ವೇಗವನ್ನು ಆವೃತ್ತಿಯ ಎರಡರಷ್ಟರಿಂದ ಭಾಗಿಸಿದರೆ ಆ ಉದ್ದ ಸಿಗುತ್ತದೆ. ಪಠ್ಯದಲ್ಲಿ ವೇಗ 22 ಡಿಗ್ರಿಗೆ ಸೆಕೆಂಡಿಗೆ 344 ಮೀಟರ್ ಎಂದಿದೆ. ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಸೇರಿಸುತ್ತ ಹೋದರೆ 26 ಡಿಗ್ರಿಗೆ ಹೆಚ್ಚುಕಡಿಮೆ 347. ಷಡ್ಜಕ್ಕೆ 34,700 ಭಾಗಿಸು 220, ಅಂದರೆ 157.7 ಸೆಂ.ಮೀ.

ಮಕ್ಕಳು ಅಷ್ಟಕ್ಕೇ ಪೈಪು ಕತ್ತರಿಸಿಬಿಡುತ್ತಾರೆ. ಅದು ತಪ್ಪು. ಗಾಳಿಯ ಕಂಬ ಪೈಪಿನ ಬಾಯಲ್ಲಿ ನಿಲ್ಲುವುದಿಲ್ಲ, ಪ್ರತಿ ತುದಿಯಲ್ಲೂ ತ್ರಿಜ್ಯದ ಸುಮಾರು 0.6 ಪಟ್ಟು ಹೊರಗೆ ಚಾಚಿರುತ್ತದೆ. 23 ಮಿ.ಮೀ. ತ್ರಿಜ್ಯಕ್ಕೆ ತುದಿಗೆ 1.4 ಸೆಂ.ಮೀ., ಎರಡು ತುದಿಗೆ 2.8. ಇದನ್ನು ಕಳೆದೇ ಕತ್ತರಿಸಬೇಕು. ಕಳೆಯದಿದ್ದರೆ ಉದ್ದ ಪೈಪಿಗಿಂತ ಗಿಡ್ಡ ಪೈಪು ಹೆಚ್ಚು ಕೆಡುತ್ತದೆ. 110ರ ಷಡ್ಜ 108ಕ್ಕೆ ಇಳಿಯುತ್ತದೆ, ಹೇಗೋ ಸಹಿಸಬಹುದು. 275 ಇರಬೇಕಾದ ತಾರ (ಮೇಲಿನ ಸ್ಥಾಯಿಯ) ಗಾಂಧಾರ 263ಕ್ಕೆ ಬೀಳುತ್ತದೆ. 220ರ ಷಡ್ಜಕ್ಕೆ 264 ಎಂದರೆ ‘ಸಾಧಾರಣ ಗಾಂಧಾರ’, ಮೋಹನದ ಗಾಂಧಾರಕ್ಕಿಂತ ಒಂದು ಸ್ವರಸ್ಥಾನ ಕೆಳಗಿನದು. ಶ್ರುತಿಪೆಟ್ಟಿಗೆಯ ಎದುರು ಮೋಹನದ ಅಂತರ ಗಾಂಧಾರ ಮಾಯವಾಗಿ ಬೇರೆ ಯಾವುದೋ ರಾಗ ಕೇಳುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಡಿ. ಒಂದು ಗಿಡ್ಡ ತುಂಡನ್ನು ತಪ್ಪು ಉದ್ದಕ್ಕೆ ಕತ್ತರಿಸಲು ಬಿಡಿ, ಹಾಡುವ ಹುಡುಗಿ ಮುಖ ಕಿವುಚಲಿ, ಆಮೇಲೆ ಲೆಕ್ಕ ಹಾಕಿಸಿ. ಒಂದು ತುಂಡು ಪೈಪು ಹೋದರೂ ತುದಿಯ ತಿದ್ದುಪಡಿ ಪಿಯುಸಿವರೆಗೂ ಮರೆಯುವುದಿಲ್ಲ.

ತಿದ್ದುಪಡಿ ಕಳೆದ ಮೇಲಿನ ಉದ್ದಗಳು, 26 ಡಿಗ್ರಿಗೆ, ಸೆಂಟಿಮೀಟರಿನಲ್ಲಿ (ಕತ್ತರಿಸುವ ಮೊದಲು ಕೆಳಗೆ ಹವೆಯ ವಿಷಯ ಓದಿಕೊಳ್ಳಿ): ಮಂದ್ರ (ಕೆಳಗಿನ ಸ್ಥಾಯಿಯ) ದ 186.5, ಸ 154.9, ರಿ 137.4, ಗ 123.4, ಪ 102.4, ದ 91.8, ತಾರ ಸ 76.1, ತಾರ ರಿ 67.3, ತಾರ ಗ 60.3. ಮೊದಲ ಪೈಪಿನಲ್ಲಿ ಸ ರಿ ಗ ಪ ನಾಲ್ಕನ್ನೂ ಕತ್ತರಿಸಿದರೆ ಸುಮಾರು 78 ಸೆಂ.ಮೀ. ತುಂಡು ಉಳಿಯುತ್ತದೆ, ಅದನ್ನು ಎಸೆಯಬೇಡಿ. ಎರಡನೆಯ ಪೈಪಿನಲ್ಲಿ ಉಳಿದ ಐದು, ಜೊತೆಗೆ ತಪ್ಪು ಮಾಡಲು ಒಂದು ಮೀಟರ್.

ಷಡ್ಜದ ಆವೃತ್ತಿಗೆ ಇಲ್ಲಿನ ಅನುಪಾತಗಳು ರಿ 9/8, ಗ 5/4, ಪ 3/2, ದ 5/3. ಹಾರ್ಮೋನಿಯಂನ ಮನೆಗಳು ಇವಲ್ಲ; ಅಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ನಮ್ಮ ಗಾಂಧಾರ 137.5, ಹಾರ್ಮೋನಿಯಂನದು 138.6. ಧೈವತ 183.3, ಅದರದ್ದು 185. ಎರಡನ್ನೂ ಕೂಡಿಸಿ ನುಡಿಸಿದರೆ ಸದ್ದು ಅಲೆಅಲೆಯಾಗಿ ಏರಿ ಇಳಿಯುತ್ತದೆ. ಮೊಬೈಲಿನ ಟ್ಯೂನರ್ ಆ್ಯಪ್ ಕೂಡ ಹಾರ್ಮೋನಿಯಂ ಪಕ್ಷದ್ದೇ. ಸರಿಯಾಗಿರುವ ಗಾಂಧಾರವನ್ನೂ ‘ಕಡಿಮೆ’ ಎಂದು ಕೆಂಪು ತೋರಿಸುತ್ತದೆ. ಹಾರ್ಮೋನಿಯಂ ಬಿಟ್ಟು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟುಕೊಳ್ಳುವುದು ನನ್ನ ಆಯ್ಕೆ. ಹಾರ್ಮೋನಿಯಂ ಮೇಷ್ಟ್ರು ಒಪ್ಪದಿದ್ದರೆ ಅವರ ಮನೆಗಳ ಆವೃತ್ತಿಯನ್ನೇ ಹಿಡಿದು ಉದ್ದ ಲೆಕ್ಕ ಹಾಕಿ. ಎರಡು ದೋಣಿಯಲ್ಲಿ ಕಾಲಿಡಬೇಡಿ.

ಕತ್ತರಿಸುವಾಗ ಗುರುತಿನ ಮೇಲೆ ಹಾಳೆಯೊಂದನ್ನು ಪೈಪಿಗೆ ಬಿಗಿಯಾಗಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಅದರ ಗುಂಟ ಸುತ್ತಲೂ ಗೆರೆ ಎಳೆಯಿರಿ. ಪೈಪನ್ನು ತಿರುಗಿಸುತ್ತಾ ಕೊಯ್ಯಬೇಕು. ಒಂದೇ ಕಡೆಯಿಂದ ಕೊಯ್ದರೆ ಬಾಯಿ ಓರೆಯಾಗುತ್ತದೆ, ಚಪ್ಪಲಿ ಪೂರ್ತಿ ಮುಚ್ಚದೆ ‘ಪುಸ್’ ಎನ್ನುತ್ತದೆ. ಒಂದು ಸೆಂಟಿಮೀಟರ್ ಉದ್ದವಾಗಿಯೇ ಕೊಯ್ದು, ಬಳಿಕ ಎರಡು ಮೂರು ಮಿಲಿಮೀಟರಿನಂತೆ ಇಳಿಸಿ. ಒಂದು ಮಿಲಿಮೀಟರಿಗೆ ಷಡ್ಜದ ಪೈಪಿನಲ್ಲಿ ಒಂದು ಸೆಂಟ್ ವ್ಯತ್ಯಾಸ, ತಾರ ಗಾಂಧಾರದಲ್ಲಿ ಎರಡೂವರೆಗೂ ಹೆಚ್ಚು (ಒಂದು ಸ್ವರಸ್ಥಾನಕ್ಕೆ ನೂರು ಸೆಂಟ್). ಗಿಡ್ಡ ಪೈಪುಗಳಿಗೆ ಗರಗಸ ಬೇಡ, ಮರಳು ಕಾಗದ ಸಾಕು.

ಶ್ರುತಿ ನೋಡುವುದಕ್ಕೆ ಟ್ಯೂನರ್ ಮುಂದೆ ಒಂದು ಏಟು ಹಾಕಿ ಮುಳ್ಳು ನೋಡುತ್ತ ಕೂತರೆ ಪ್ರಯೋಜನವಿಲ್ಲ. ಏಟಿನ ನಾದ ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಮುಳ್ಳು ಕುಣಿಯುತ್ತದೆ. ನಾನು ಮಾಡುವುದು ಹೀಗೆ: ಫೈಫಾಕ್ಸ್ ಎಂಬ ಉಚಿತ ಆ್ಯಪಿನ ಟೋನ್ ಜನರೇಟರಿನಲ್ಲಿ ಬೇಕಾದ ಸ್ವರದ ಎರಡರಷ್ಟು ಆವೃತ್ತಿ ಹಾಕಿ, ಮೊಬೈಲನ್ನು ಪೈಪಿನ ಬಾಯಿಯ ಹತ್ತಿರ ಹಿಡಿದು, ಇನ್ನೊಂದು ತುದಿಯಲ್ಲಿ ಎಕ್ಸ್-ರೇ ಫಿಲ್ಮಿನ ತೋಳನ್ನು (ಪೈಪಿನ ಸುತ್ತ ಸುತ್ತಿ ಸೆಲ್ಲೋಟೇಪು ಹಾಕಿದ, ಜಾರುವ ಕೊಳವೆ) ಹಿಂದೆ ಮುಂದೆ ಜಾರಿಸುವುದು. ಸದ್ದು ತಟ್ಟನೆ ಉಬ್ಬುವ ಜಾಗವೇ ಸರಿಯಾದ ಉದ್ದ. ಎರಡರಷ್ಟು ಯಾಕೆಂದರೆ ಮೊಬೈಲಿನ ಪುಟ್ಟ ಸ್ಪೀಕರಿಗೆ 110 ಹರ್ಟ್ಸ್ ನುಡಿಯುವ ತ್ರಾಣವಿಲ್ಲ. 220 ನುಡಿಯುತ್ತದೆ, ತೆರೆದ ಪೈಪು ಅದಕ್ಕೂ ಅನುರಣಿಸುತ್ತದೆ. ಕೊನೆಯ ತೀರ್ಮಾನ ಮಾತ್ರ ಶ್ರುತಿಪೆಟ್ಟಿಗೆ ಹಾಕಿ, ಬಡಿದು, ಕಿವಿಯಿಂದಲೇ.

ಎಕ್ಸ್-ರೇ ಫಿಲ್ಮಿನ ತೋಳಿನ ನಿಜವಾದ ಉಪಯೋಗ ಹವೆಯ ವಿಷಯದಲ್ಲಿ. ಡಿಸೆಂಬರ್ ರಾತ್ರಿ ಬಯಲು ವೇದಿಕೆಯಲ್ಲಿ 18 ಡಿಗ್ರಿ ಇದ್ದರೆ ಶಬ್ದದ ವೇಗ 342ಕ್ಕೆ ಇಳಿಯುತ್ತದೆ. ಮಧ್ಯಾಹ್ನ ತರಗತಿಯಲ್ಲಿ 110 ನುಡಿದ ಷಡ್ಜ ರಾತ್ರಿ 108.5. ಒಂಬತ್ತೂ ಪೈಪುಗಳು ಒಟ್ಟಿಗೇ ಇಳಿಯುವುದರಿಂದ ಅವುಗಳ ನಡುವೆ ಜಗಳವಿಲ್ಲ. ಶ್ರುತಿಯೊಂದಿಗೆ ಮಾತ್ರ ಕೂಡುವುದಿಲ್ಲ. ಪೈಪನ್ನು ವೇದಿಕೆಯ ಹಿಂದೆ ನಿಂತು ಕೊಯ್ಯಲಾದೀತೇ? ಹಾಗಾಗಿ ಮೊದಲೇ 18 ಡಿಗ್ರಿಯ ಉದ್ದಕ್ಕೆ ಕತ್ತರಿಸಿ (ಷಡ್ಜ 152.7), ಸೆಕೆಯ ಹೊತ್ತಿಗೆ ತೋಳು ಎಳೆದು ಉದ್ದ ಮಾಡಿಕೊಳ್ಳುವುದು ಜಾಣತನ. ಎಲ್ಲಕ್ಕೂ ಒಂದೇ ಅಳತೆ ಎಳೆದರೆ ಮತ್ತೆ ಕೆಡುತ್ತದೆ: ಷಡ್ಜಕ್ಕೆ 2.2 ಸೆಂ.ಮೀ. ಬೇಕಾದಾಗ ತಾರ ಗಾಂಧಾರಕ್ಕೆ 0.9 ಸಾಕು. ತೋಳಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 18, 22, 26, 30 ಡಿಗ್ರಿಯ ಗೆರೆಗಳನ್ನು ಎಳೆದಿಡಿ. ಪ್ರಯೋಗಾಲಯದ ಥರ್ಮಾಮೀಟರು ನೋಡಿ ಮಕ್ಕಳೇ ಹೊಂದಿಸುತ್ತಾರೆ. ತೋಳು ಯಾವಾಗಲೂ ಬಡಿಯದ ತುದಿಗೆ. ಇಷ್ಟೂ ರಗಳೆ ಬೇಡವೆಂದರೆ ಶ್ರುತಿಪೆಟ್ಟಿಗೆಯ ಸಣ್ಣ ತಿರುಪಿನಿಂದ ಶ್ರುತಿಯನ್ನೇ ಪೈಪಿಗೆ ಇಳಿಸಿ, ಹಾಡುವವರು ಅದನ್ನು ಅನುಸರಿಸಲಿ.

ಪೈಪುಗಳನ್ನು ನಿಲ್ಲಿಸಬೇಡಿ. ಕೆಳತುದಿ ನೆಲಕ್ಕೆ ತಾಗಿದರೆ ಅದು ಮುಚ್ಚಿದ ಕೊಳವೆಯಾಗುತ್ತದೆ, ತೀರಾ ಹತ್ತಿರ ಬಂದರೂ ಸ್ವರ ಇಳಿಯುತ್ತದೆ. ಎರಡು ಡೆಸ್ಕುಗಳ ಮೇಲೆ ಅಡ್ಡಲಾಗಿ ಮಲಗಿಸಿ, ಅಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು, ಅದರಿಂದಲೇ ಕಟ್ಟಿ. ಬಡಿಯುವ ಬಾಯಿಗಳೆಲ್ಲ ಒಂದೇ ಸಾಲಿನಲ್ಲಿ, ಡೆಸ್ಕಿನ ಅಂಚಿನಿಂದ ಒಂದು ಗೇಣು ಮುಂದೆ. ಇನ್ನೊಂದು ತುದಿ ಸಭಿಕರ ಕಡೆಗೆ.

ಹವಾಯಿ ಚಪ್ಪಲಿಗೆ ಪಟ್ಟಿ ಸಿಕ್ಕಿಸುವ ಮೂರು ತೂತುಗಳಿರುತ್ತವೆ. ಪಟ್ಟಿ ಕಿತ್ತು, ಬೆರಳಿನ ಭಾಗವನ್ನು ಕೈಯಲ್ಲಿ ಹಿಡಿದು, ತೂತಿಲ್ಲದ ಹಿಮ್ಮಡಿಯ ಭಾಗದಿಂದ ಬಡಿಯಬೇಕು. ಸವೆದ ಹಿಮ್ಮಡಿ ಬೇಡ, ಗಾಳಿ ಸೋರುತ್ತದೆ. ಬಡಿದ ತಕ್ಷಣ ಹಿಂದಕ್ಕೆ ತೆಗೆಯಬೇಕು. ಅಲ್ಲೇ ಒತ್ತಿ ಹಿಡಿದರೆ ಬಾಯಿ ಮುಚ್ಚಿ, ಸ್ವರ ಒಂದು ಸ್ಥಾಯಿ ಕೆಳಗಿಳಿದು ಮೊಂಡಾಗುತ್ತದೆ. ಬಿಸಿ ಬಾಣಲೆ ಮುಟ್ಟಿದಂತೆ ಮುಟ್ಟು ಎಂದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ನುಡಿಸಲು ಐವರು. ಷಡ್ಜ ಒಬ್ಬರಿಗೇ, ಅದರ ಸರದಿ ಹೆಚ್ಚು. ರಿ-ಗ ಒಬ್ಬರಿಗೆ, ಪ-ದ ಒಬ್ಬರಿಗೆ, ತಾರ ಸ-ರಿ ಒಬ್ಬರಿಗೆ. ಮಂದ್ರ ದ ಮತ್ತು ತಾರ ಗ ಅಪರೂಪವಾದ್ದರಿಂದ ಎರಡೂ ಒಬ್ಬರ ಪಾಲಿಗೆ. ಅವೆರಡು ಪೈಪುಗಳನ್ನು ಪಕ್ಕಪಕ್ಕ ಇಡಿ, ಸ್ವರಕ್ರಮದ ಚೆಂದ ನೋಡಲು ಹೋಗಬೇಡಿ. ಆದಿತಾಳದಲ್ಲಿ ನಿಮಿಷಕ್ಕೆ 60 ಎಣಿಕೆಯಿಂದ ಶುರು ಮಾಡಿ, ವೇದಿಕೆಯಲ್ಲಿ 80 ದಾಟಬೇಡಿ. ಮೊದಲ ವಾರ ಚಪ್ಪಲಿಯೇ ಬೇಡ, ಮಕ್ಕಳು ತಮ್ಮ ಸ್ವರ ಬಂದಾಗ ಹಾಡಿ ತೊಡೆ ತಟ್ಟಲಿ. ಈ ಹಂತ ಬಿಟ್ಟರೆ ಪ್ರತಿಯೊಬ್ಬರೂ ಪಕ್ಕದವರ ಏಟು ಕೇಳಿಸಿಕೊಂಡು ಆಮೇಲೆ ಬಡಿಯುತ್ತಾರೆ, ಹಾಡು ಎಳೆಯುತ್ತ ಹೋಗುತ್ತದೆ.

ಉಳಿದ 78 ಸೆಂ.ಮೀ. ತುಂಡನ್ನು 77ರಷ್ಟಕ್ಕೆ ಇಳಿಸಿದರೆ ವೇದಿಕೆಯ ಅತ್ಯುತ್ತಮ ಪ್ರಯೋಗ ಸಿದ್ಧ. ತೆರೆದಿಟ್ಟು ಬಡಿದರೆ ತಾರ ಷಡ್ಜ, ಒಂದು ತುದಿಗೆ ಎಂಡ್ ಕ್ಯಾಪ್ ಹಾಕಿ ಬಡಿದರೆ ಕೆಳಗಿನ ಷಡ್ಜ. ಪಕ್ಕದಲ್ಲಿ 155 ಸೆಂ.ಮೀ. ಪೈಪು ಅದೇ ಸ್ವರ ನುಡಿಯುತ್ತದೆ. ಉದ್ದ ಅರ್ಧ, ಸ್ವರ ಅದೇ. ಮೊದಲು ಸದ್ದು, ಮೂರು ಸಲ. ವಿವರಣೆ ಆಮೇಲೆ, ಎರಡೇ ವಾಕ್ಯ. ಮೈಕ್ ಹಿಡಿದು ಐದು ನಿಮಿಷ ವ್ಯಾಖ್ಯಾನ ಓದಿಸಿದರೆ ಸಭೆ ಚುರುಮುರಿ ಗಾಡಿಯ ಕಡೆ ಎದ್ದು ಹೋಗುತ್ತದೆ.

ಮೈಕಿನವರು ಅಭ್ಯಾಸಬಲದಿಂದ ಮಕ್ಕಳ ಕೈ ಹತ್ತಿರವೇ ಮೈಕ್ ಇಡುತ್ತಾರೆ. ಆಗ ಕೇಳಿಸುವುದು ಚಪ್ಪಲಿ ಏಟು ಮಾತ್ರ. ಮೈಕ್ ಇರಬೇಕಾದ್ದು ದೂರದ ತುದಿಗಳ ಎದುರು, ಒಂದಡಿ ಅಂತರದಲ್ಲಿ. ಪೈಪುಗಳ ಉದ್ದ ಬೇರೆಬೇರೆಯಾದ್ದರಿಂದ ಒಂದು ಸಾಲದು, ಎರಡು ಬೇಕು. ಕಂಬಕ್ಕೆ ಕಟ್ಟುವ ಕೊಂಬಿನ ಸ್ಪೀಕರಿನಲ್ಲಿ ಇಷ್ಟು ಕೆಳಗಿನ ಸ್ವರ ಬರುವುದೇ ಇಲ್ಲ, ಪೆಟ್ಟಿಗೆ ಸ್ಪೀಕರ್ ಕೇಳಿ ಪಡೆಯಿರಿ.

ಇದಕ್ಕೆ ಮೃದಂಗವನ್ನು ಜೊತೆಗೂಡಿಸಿದರೆ ಫೆಬ್ರವರಿ 28ರ ವಿಜ್ಞಾನ ದಿನಕ್ಕೂ ಒದಗುತ್ತದೆ. ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಂದಿಗೆ ನಮ್ಮ ಚರ್ಮವಾದ್ಯಗಳ ಬಗ್ಗೆ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು, ಬೆಂಗಳೂರಿಗೆ ಬಂದ ಮೇಲೆ ಅದನ್ನೇ ವಿಸ್ತರಿಸಿದರು. ಬರಿಯ ಚರ್ಮದ ಕಂಪನಗಳು 1, 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಅನುಪಾತದಲ್ಲಿರುವುದರಿಂದ ತಮಟೆಗೆ ಷಡ್ಜ ಇಷ್ಟೇ ಎಂದು ಹೇಳಲಾಗದು. ಮೃದಂಗದ ಬಲಮುಚ್ಚಿಗೆಯ (ಬಲಗಡೆಯ ಚರ್ಮದ) ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಅವನ್ನು 1, 2, 3, 4, 5ರ ಸಾಲಿಗೆ ತರುತ್ತದೆ. ತೋರಿಸಲು ಹಳೆಯ ಮೃದಂಗವೊಂದರ ಬಲಮುಚ್ಚಿಗೆಯ ಮೇಲೆ ಒಂದು ಚಿಟಿಕೆ ನಯವಾದ ಒಣ ಮರಳು ಉದುರಿಸಿ. ಉಂಗುರ ಬೆರಳನ್ನು ಮೆಲ್ಲಗೆ ಒರಗಿಸಿಟ್ಟು ತೋರುಬೆರಳಿನಿಂದ ಅಂಚಿಗೆ ನುಡಿಸಿದರೆ ಮರಳು ಹಾರಿ, ಚರ್ಮ ಅಲುಗದ ಗೆರೆಯ ಮೇಲೆ ನಿಲ್ಲುತ್ತದೆ. ಜೋರಾಗಿ ನುಡಿಸಿದರೆ ಎಲ್ಲಾ ಚೆಲ್ಲಿಹೋಗುತ್ತದೆ. ವಿದ್ವಾಂಸರ ವಾದ್ಯವನ್ನು ಮಾತ್ರ ಇದಕ್ಕೆ ಕೇಳಬೇಡಿ. ಕರಣೆಯ ಬಿರುಕಿಗೆ ಮರಳು ಸೇರಿದರೆ ಮತ್ತೆ ಕರಣೆ ಹಾಕಿಸುವ ಖರ್ಚು ನಿಮ್ಮದು.

ಫೆಬ್ರವರಿ ಹೊತ್ತಿಗೆ ಹತ್ತನೆಯವರು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮುಳುಗಿರುತ್ತಾರೆ, ಎಂಟು ಮತ್ತು ಒಂಬತ್ತನೆಯವರನ್ನೇ ನೆಚ್ಚಿಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ಪೈಪುಗಳನ್ನು ಬಿಸಿಲಿಗೆ ಒರಗಿಸಿಟ್ಟರೆ ಬಾಗುತ್ತವೆ, ಮಲಗಿಸಿಡಿ. ಪ್ರತಿಯೊಂದರ ಮೇಲೆ ಸ್ವರ, ಉದ್ದ, ಬಡಿಯುವ ತುದಿ ಮೂರನ್ನೂ ಪೇಂಟಿನಲ್ಲೇ ಬರೆಯಿರಿ. ಮಾರ್ಕರ್ ಮುಂದಿನ ವರ್ಷಕ್ಕೆ ಅಳಿಸಿಹೋಗಿರುತ್ತದೆ.