ತಲೆಬರಹ ಮುಚ್ಚಿ ಕರಾರು ಓದುವುದು

ಕರಾರು ಪತ್ರ ಕೈಗೆ ಬಂದರೆ ಮೊದಲು ತಲೆಬರಹದ ಮೇಲೊಂದು ಚೀಟಿ ಇಟ್ಟು ಓದುತ್ತೇನೆ. ‘ಕ್ರಯ’, ‘ಲೈಸೆನ್ಸ್’ (ಜಾಗ ಬಳಸಲು ಬರೀ ಅನುಮತಿ) ಎಂಬ ಹೆಸರು ರೂಪ. ಯಾರಿಗೆ ಯಾವ ಹಕ್ಕು, ಯಾವ ಹೊಣೆ ಬಂತು ಎಂಬುದು ತಿರುಳು. ಆಮೇಲೆ ಹಾಳೆಯೊಂದರಲ್ಲಿ ಬರೆದುಕೊಳ್ಳುತ್ತೇನೆ: ಹಣ ಎತ್ತ ಹೋಯಿತು, ಸ್ವಾಧೀನ ಯಾರದು, ಬೆಲೆ ಬಿದ್ದರೆ ನಷ್ಟ ಯಾರಿಗೆ, ಕೊನೆಗೆ ಸ್ವತ್ತು ಯಾರಲ್ಲಿ ಉಳಿಯುತ್ತದೆ.

100 ಬೆಲೆಯ ಸ್ವತ್ತನ್ನು 60ಕ್ಕೆ ‘ಮಾರಿ’, ವರ್ಷ ತುಂಬಿದಾಗ 67.20 ಕೊಟ್ಟು ಹಿಂಪಡೆಯುವ ಷರತ್ತಿದೆ ಎನ್ನಿ. ಮಾರಿದವನು ಜಾಗ ಬಿಟ್ಟಿಲ್ಲ, ತೆರಿಗೆಯನ್ನೂ ಅವನೇ ಕಟ್ಟುತ್ತಿದ್ದಾನೆ. ಹೆಚ್ಚುವರಿ 7.20 ಎಂದರೆ 60ರ ಮೇಲೆ ಸರಿಯಾಗಿ ಶೇ. 12. ಅದು ಬಡ್ಡಿಯ ಲೆಕ್ಕ. ಪತ್ರದಲ್ಲಿ ‘ಬಡ್ಡಿ’ ಎಂಬ ಪದ ಹುಡುಕಿದರೂ ಸಿಗದು. ಆದರೆ ಒಂದೇ ಗುರುತು ಹಿಡಿದು ಹೊರಟರೆ ವಾದ ಬೀಳುತ್ತದೆ. ತುರ್ತಿಗೆ ಅಗ್ಗಕ್ಕೆ ಮಾರುವವರಿದ್ದಾರೆ, ನಿಜವಾದ ಕ್ರಯದಲ್ಲೂ ಮರುಖರೀದಿ ಷರತ್ತು ಇರಬಹುದು. ಕಡಿಮೆ ಬೆಲೆ, ಬಿಡದ ಸ್ವಾಧೀನ, ಬಡ್ಡಿಯಂತೆ ಏರುವ ಮೊತ್ತ ಮೂರೂ ಕೂಡಿದರೆ ಮಾತ್ರ ‘ಇದು ಸಾಲ’ ಎನ್ನುವ ಧೈರ್ಯ ಬರುತ್ತದೆ.

ಇಂಗ್ಲೆಂಡಿನ ಸ್ಟ್ರೀಟ್ ವಿರುದ್ಧ ಮೌಂಟ್‌ಫೋರ್ಡ್ (1985) ಪ್ರಕರಣದಲ್ಲಿ ಪತ್ರದ ಹೆಸರು ಲೈಸೆನ್ಸ್, ವಾರದ ಶುಲ್ಕ 37 ಪೌಂಡ್. ಎರಡು ಕೋಣೆಗಳ ಪೂರ್ಣ ಸ್ವಾಧೀನ ವಾಸವಿದ್ದವರದೇ ಆಗಿದ್ದರಿಂದ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಬಾಡಿಗೆ ಎಂದೇ ತೀರ್ಮಾನಿಸಿತು. ಅಮೆರಿಕದ ಗ್ರೆಗರಿ ವಿರುದ್ಧ ಹೆಲ್ವರಿಂಗ್ (1935) ತೆರಿಗೆಯದು: 1928ರ ಸೆಪ್ಟೆಂಬರ್ 18ರಂದು ಹುಟ್ಟಿದ ಕಂಪನಿಯನ್ನು 24ಕ್ಕೆ ವಿಸರ್ಜಿಸಿದ್ದರು. ಕಾಗದಪತ್ರವೆಲ್ಲ ಕ್ರಮಬದ್ಧವಾಗಿತ್ತು, ಆದರೆ ಷೇರು ದಾಟಿಸುವುದನ್ನು ಬಿಟ್ಟರೆ ಆ ಕಂಪನಿಗೆ ಕೆಲಸವೇ ಇರಲಿಲ್ಲ. ತೆರಿಗೆ ವಿನಾಯಿತಿ ಸಿಗಲಿಲ್ಲ.

ಹಾಗೆಂದು ಎಲ್ಲೆಡೆ ತಿರುಳೇ ಗೆಲ್ಲುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೆಂದು ಕಾನೂನು ಕಡ್ಡಾಯ ಮಾಡಿದ್ದು, ಒಬ್ಬರದೇ ಇದ್ದರೆ, ಸತ್ತವರ ಇಚ್ಛೆ ಎಷ್ಟೇ ಸ್ಪಷ್ಟವಿದ್ದರೂ ಪತ್ರ ಬೀಳಬಹುದು. ಬರೆದವರು ಎದ್ದುಬಂದು ಹೇಳಲಾರರಲ್ಲ, ಅದಕ್ಕೇ ಅಲ್ಲಿ ರೂಪಕ್ಕೆ ಅಷ್ಟು ಬಿಗಿ. ಹಾಗಾಗಿ ತಿರುಳಿನ ವಾದ ಎತ್ತುವ ಮೊದಲು, ಆ ವ್ಯವಹಾರಕ್ಕೆ ಕಾನೂನು ನಿರ್ದಿಷ್ಟ ರೂಪ ವಿಧಿಸಿದೆಯೇ ಎಂದು ಕಲಮು ತೆಗೆದು ನೋಡುತ್ತೇನೆ.

ತಾನೇ ಬರೆಸಿದ ಪತ್ರವನ್ನು ‘ಅದು ಬರೀ ಕಾಗದ’ ಎನ್ನುವ ಕಕ್ಷಿದಾರನ ಪರ ವಾದ ಇನ್ನೂ ಕಷ್ಟ. ಅಂಥವನಿಂದ ಬಾಯಿಮಾತು ಬೇಡ; ಪಾಸ್‌ಬುಕ್, ರಸೀದಿ, ತೆರಿಗೆ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ತರಲು ಹೇಳುತ್ತೇನೆ, ಪತ್ರಕ್ಕೆ ಸಹಿ ಬೀಳುವ ಮೊದಲಿನವನ್ನೂ ಸೇರಿಸಿ.